ಡಬ್ಬ ಯಾರದ್ದಾದರೇನು, ಆಟ ಯಾರದ್ದು?

ಮೊದಲೇ ಹೇಳಿಬಿಡ್ತೀವಿ, ನಮ್ಮ ನಾಲ್ಕು ಜನರಲ್ಲಿ ಯಾರ ಮನೆಯಲ್ಲೂ ಪಿಎಸ್5 ಇಲ್ಲ, ಎಕ್ಸ್‌ಬಾಕ್ಸೂ ಇಲ್ಲ. ಆದರೂ ಯಾವುದು ದೊಡ್ಡದು ಅಂತ ಜಗಳ ಆಡೋದರಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ. ಶನಿವಾರ ಮಧ್ಯಾಹ್ನ ಮುರುಗೇಶಪಾಳ್ಯದ ಹತ್ತಿರ ಒಂದು ಗೇಮಿಂಗ್ ಪಾರ್ಲರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡ್ತೀವಿ. ಆಮೇಲೆ ವಿಮಾನಪುರದಲ್ಲಿರುವ ಗೆಳೆಯನ ಮನೆಗೆ ನಡೆದು ಬರುವಷ್ಟು ಹೊತ್ತೂ ಸೋನಿ ಪಾರ್ಟಿ, ಮೈಕ್ರೋಸಾಫ್ಟ್ ಪಾರ್ಟಿ ಅಂತ ಎರಡು ಗುಂಪು. 12 ಟೆರಾಫ್ಲಾಪ್ ದೊಡ್ಡದಾ, ಹತ್ತು ಚಿಲ್ಲರೆ ಟೆರಾಫ್ಲಾಪ್ ಸಾಕಾ, ಎಸ್‌ಎಸ್‌ಡಿ ಯಾರದ್ದು ಫಾಸ್ಟು... ಕೊಂಡುಕೊಳ್ಳೋಕೆ ಯೋಗ್ಯತೆ ಇಲ್ಲದ ವಸ್ತುವಿನ ಬಗ್ಗೆ ಇಷ್ಟು ಜಗಳ ಆಡುವವರು ಬೆಂಗಳೂರಿನಲ್ಲಿ ನಾವೊಬ್ಬರೇ ಅಲ್ಲ ಅಂತ ನಮ್ಮ ನಂಬಿಕೆ.

ಒಂದು ಸಲ ಈ ಜಗಳ ಗೆಳೆಯನ ಮನೆ ವರಾಂಡಕ್ಕೂ ಬಂತು. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದ ಅವನ ಅಪ್ಪ ಪೇಪರ್ ಮಡಚಿಟ್ಟು ಕೇಳಿದರು: "ಅದ್ಸರಿ ಕಣ್ರಪ್ಪಾ, ಡಬ್ಬ ಅವರು ಮಾಡ್ತಾರೆ. ಅದರೊಳಗೆ ಆಡೋ ಆಟ ಯಾರು ಮಾಡ್ತಾರೆ?"

"ಸ್ವಲ್ಪ ಅವರೇ ಮಾಡ್ತಾರೆ ಅಂಕಲ್. ಜಾಸ್ತಿ ಬೇರೆ ಕಂಪನಿಯವರು. ಥರ್ಡ್ ಪಾರ್ಟಿ ಅಂತಾರೆ."

"ಹಂಗಾದ್ರೆ ಆ ಥರ್ಡ್ ಪಾರ್ಟಿಯವ್ರು ಕೈ ಕೊಟ್ರೆ?"

ವಿಮಾನಪುರದಲ್ಲಿ ಈ ಪ್ರಶ್ನೆ ಸುಮ್ನೆ ಹುಟ್ಟೋದಲ್ಲ. 2021ರ ಫೆಬ್ರವರಿಯಲ್ಲಿ ವಾಯುಪಡೆಗೆ 83 ತೇಜಸ್ ಮಾರ್ಕ್-1ಎ ವಿಮಾನ ಮಾಡಿಕೊಡುವ ಒಪ್ಪಂದ ಎಚ್‌ಎಎಲ್‌ಗೆ ಸಿಕ್ಕಿತು. ಅದೇ ವರ್ಷ ಅಮೆರಿಕದ ಜಿಇ ಕಂಪನಿಗೆ 99 ಎಫ್-404 ಎಂಜಿನ್‌ಗಳ ಆರ್ಡರ್ ಹೋಯಿತು. ಅದರಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ ಬೇರೆಯವರ ಕೈಲಿದ್ದರೆ ಬಾಡಿ ಎಷ್ಟು ಚೆನ್ನಾಗಿದ್ದರೂ ಕಾಯಬೇಕು ಅನ್ನೋದು ಆ ಓಣಿಯವರಿಗೆ ಪುಸ್ತಕ ಓದಿ ತಿಳಿಯಬೇಕಾದ ವಿಷಯ ಅಲ್ಲ.

ಅಂಕಲ್ ಪ್ರಶ್ನೆ ಹಿಡಿದುಕೊಂಡು ಸ್ವಲ್ಪ ದಿನ ಓದಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಕನ್ಸೋಲ್ ಯುದ್ಧ ಗೆದ್ದವರು ಒಳ್ಳೇ ಡಬ್ಬ ಮಾಡಿದವರಲ್ಲ, ಹೊರಗಿನ ಡೆವಲಪರ್‌ಗಳನ್ನು ಚೆನ್ನಾಗಿ ನೋಡಿಕೊಂಡವರು. ಆ 'ನೋಡಿಕೊಳ್ಳುವಿಕೆ' ಮಾತ್ರ ನಮ್ಮ ಕಡೆಗೆ ಸರಿಯಾಗಿ ಬಂದೇ ಇಲ್ಲ. ಹಾಗಾಗಿ ನಾವು ಪಕ್ಷ ಕಟ್ಟಿಕೊಂಡು ಜಗಳ ಆಡೋದು ಬಿಟ್ಟು, ಅದನ್ನು ಕೇಳಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ನಿಂಟೆಂಡೊ ಹೇಳಿದ್ದೇ ವೇದವಾಕ್ಯ. ಒಂದು ಕಂಪನಿ ವರ್ಷಕ್ಕೆ 5 ಆಟ ಮಾತ್ರ ತರಬಹುದು. ಆ ಆಟ 2 ವರ್ಷ ಬೇರೆ ಯಂತ್ರಕ್ಕೆ ಹೋಗಬಾರದು. ಕಾರ್ಟ್ರಿಡ್ಜನ್ನು ನಿಂಟೆಂಡೊನೇ ತಯಾರಿಸಬೇಕು. ಯಂತ್ರದೊಳಗೆ ಒಂದು ಲಾಕ್ ಚಿಪ್ ಬೇರೆ. ಡೆವಲಪರ್‌ಗಳು ಹಲ್ಲು ಕಚ್ಚಿಕೊಂಡು ಒಪ್ಪಿದರು, ಯಾಕಂದ್ರೆ ಬೇರೆ ದಾರಿ ಇರಲಿಲ್ಲ. ದಾರಿ ಸಿಕ್ಕ ತಕ್ಷಣ ಸೆಗಾ ಕಡೆಗೆ ಹೊರಟರು. ಇಎ ಕಂಪನಿ ಸೆಗಾದ ಜೆನೆಸಿಸ್ ಯಂತ್ರವನ್ನು ತಾನೇ ಬಿಚ್ಚಿ ಅರ್ಥ ಮಾಡಿಕೊಂಡು, ಲೈಸೆನ್ಸ್ ಇಲ್ಲದೇನೂ ಆಟ ಮಾಡಬಲ್ಲೆ ಅಂತ ತೋರಿಸಿ, 1990ರಲ್ಲಿ ಕಡಿಮೆ ರಾಯಲ್ಟಿಗೆ ಒಪ್ಪಂದ ಕುದುರಿಸಿತು. ನಮ್ಮ ಮೈಕ್ರೋಪ್ರೊಸೆಸರ್ ಲ್ಯಾಬ್‌ನಲ್ಲಿ ಈ ಕತೆ ಹೇಳಿದ್ದರೆ ಹಾಜರಾತಿ ಜಾಸ್ತಿ ಇರ್ತಿತ್ತು.

ಆಮೇಲೆ 1994ರ ಡಿಸೆಂಬರ್‌ನಲ್ಲಿ ಸೋನಿ ಬಂತು. ಪ್ಲೇಸ್ಟೇಷನ್‌ನ ಗೆಲುವಿಗೆ ಮೂರು ಡೈಮೆನ್ಷನ್ನಿನ ಗ್ರಾಫಿಕ್ಸ್ ಕಾರಣ ಅಂತ ಹೇಳ್ತಾರೆ. ನಿಜ, ಆದರೆ ಅರ್ಧ ನಿಜ. ಸಿಡಿ ಅಗ್ಗ, ಬೇಗ ಅಚ್ಚಾಗುತ್ತೆ, ಜಾಗ ಜಾಸ್ತಿ. ಡೆವಲಪರ್‌ಗಳಿಗೆ ಸಾಮಾನ್ಯ ಪಿಸಿಗೆ ಹಾಕುವ ಕಾರ್ಡ್ ರೂಪದ ಕಿಟ್ ಮತ್ತು ಸಿದ್ಧ ಕೋಡ್ ಲೈಬ್ರರಿಗಳು ಸಿಕ್ಕವು. 1996ರಲ್ಲಿ ಬಂದ ನಿಂಟೆಂಡೊ 64 ಕಾರ್ಟ್ರಿಡ್ಜನ್ನೇ ಹಿಡಿದುಕೊಂಡಿತು. ಅಲ್ಲಿಯವರೆಗೆ ನಿಂಟೆಂಡೊ ಮನೆಯವರೇ ಆಗಿದ್ದ ಸ್ಕ್ವೇರ್ ಕಂಪನಿ 1997ರಲ್ಲಿ ಫೈನಲ್ ಫ್ಯಾಂಟಸಿ 7ನ್ನು 3 ಸಿಡಿಗಳಲ್ಲಿ ಪ್ಲೇಸ್ಟೇಷನ್‌ಗೆ ತಂತು. ಕೊನೆಗೆ ಲೆಕ್ಕ: ಪ್ಲೇಸ್ಟೇಷನ್ 10 ಕೋಟಿ ದಾಟಿತು, ನಿಂಟೆಂಡೊ 64 ಸುಮಾರು 3.3 ಕೋಟಿಗೆ ನಿಂತಿತು.

ಸೆಗಾ ಕತೆ ಇನ್ನೂ ಬೇಜಾರಿನದು. 1995ರ ಮೇ ತಿಂಗಳಲ್ಲಿ, ಸೆಪ್ಟೆಂಬರ್‌ಗೆ ಅಂತ ಹೇಳಿದ್ದ ಸ್ಯಾಟರ್ನ್ ಯಂತ್ರವನ್ನು ಅಮೆರಿಕದಲ್ಲಿ ಏಕಾಏಕಿ ಅವತ್ತೇ ಮಾರಾಟಕ್ಕೆ ಇಟ್ಟಿತು. ಸರ್ಪ್ರೈಸ್ ಆಗಿದ್ದು ಸೋನಿಗಲ್ಲ, ಸೆಪ್ಟೆಂಬರ್ ನಂಬಿಕೊಂಡು ಆಟ ಮಾಡುತ್ತಿದ್ದ ಹೊರಗಿನ ಡೆವಲಪರ್‌ಗಳಿಗೆ! ಮುಂದಿನ ಯಂತ್ರ ಡ್ರೀಮ್‌ಕಾಸ್ಟ್ ಒಳ್ಳೆಯದೇ ಇತ್ತು. ಆದರೆ ಹಿಂದೆ ಜೊತೆಗಿದ್ದ ಇಎ ಈ ಸಲ ಒಂದೂ ಆಟ ಕೊಡಲಿಲ್ಲ. 2001ರ ಜನವರಿ ಕೊನೆಯಲ್ಲಿ ಸೆಗಾ ಕನ್ಸೋಲ್ ಮಾಡೋದನ್ನೇ ನಿಲ್ಲಿಸುವುದಾಗಿ ಹೇಳಿತು. ಈಗ ಅದೇ ಥರ್ಡ್ ಪಾರ್ಟಿ.

ಗೆದ್ದ ನಿಂಟೆಂಡೊನೂ ಆಮೇಲೆ ಇದೇ ಗುಂಡಿಗೆ ಬಿತ್ತು. 2012ರ ವೀ ಯು ಯಂತ್ರವನ್ನು ದೊಡ್ಡ ಕಂಪನಿಗಳು ಒಂದೊಂದಾಗಿ ಬಿಟ್ಟುಹೋದವು, 1.35 ಕೋಟಿಗೆ ಕತೆ ಮುಗೀತು. ಪಾಠ ಕಲಿತು 2017ರಲ್ಲಿ ಸ್ವಿಚ್ ತಂದಾಗ ಯೂನಿಟಿ, ಅನ್‌ರಿಯಲ್ ಎಂಜಿನ್‌ಗಳಿಗೆ ಬಾಗಿಲು ತೆಗೆದು, ಸಣ್ಣ ಸಣ್ಣ ತಂಡಗಳನ್ನೂ ಒಳಗೆ ಬಿಟ್ಟುಕೊಂಡಿತು. 15 ಕೋಟಿ ದಾಟಿತು. ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು: ಹೊರಗಿನವರನ್ನು ಒಲಿಸೋ ಬದಲು ಕೊಂಡುಕೊಂಡೇ ಬಿಟ್ಟಿತು. 2023ರಲ್ಲಿ ಆಕ್ಟಿವಿಷನ್ ಬ್ಲಿಝರ್ಡ್‌ಗೆ ಸುಮಾರು 6,900 ಕೋಟಿ ಡಾಲರ್ ಕೊಟ್ಟಿತು. ಅಷ್ಟಾದ ಮೇಲೂ 2025ರ ಏಪ್ರಿಲ್‌ನಲ್ಲಿ ತನ್ನದೇ ಫೋರ್ಜಾ ಹೊರೈಝನ್ 5 ಆಟವನ್ನು ಪಿಎಸ್5ಗೆ ಕೊಟ್ಟಿದೆ. ನಮ್ಮ ಮೈಕ್ರೋಸಾಫ್ಟ್ ಪಾರ್ಟಿಯ ಗೆಳೆಯ ಅವತ್ತು ಊಟ ಸರಿಯಾಗಿ ಮಾಡಲಿಲ್ಲ.

ಇದೆಲ್ಲ ದೂರದ ಊರಿನ ಕತೆ ಅನ್ನಿಸಬಹುದು. ಅಲ್ಲ. ಆ ಫೋರ್ಜಾ ಸರಣಿಗೆ ಆರ್ಟ್ ಕೆಲಸ ಮಾಡಿಕೊಟ್ಟವರಲ್ಲಿ ನಮ್ಮ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕೂಡ ಇದೆ. 1997ರಲ್ಲಿ, ಅಂದ್ರೆ ಫೈನಲ್ ಫ್ಯಾಂಟಸಿ 7 ಬಂದ ವರ್ಷವೇ, ರಾಜೇಶ್ ರಾವ್ ಇದನ್ನು ಶುರು ಮಾಡಿದರು. ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಒಂದು. ಕಾರು, ಕಟ್ಟಡ, ಮರ, ಬಂದೂಕು ಇಂಥವನ್ನೆಲ್ಲ ದೊಡ್ಡ ದೊಡ್ಡ ಆಟಗಳಿಗೆ ಮಾಡಿಕೊಟ್ಟ ಈ ಕಂಪನಿಯನ್ನು ಮೊದಲು ಸ್ವೀಡನ್‌ನ ಸ್ಟಾರ್‌ಬ್ರೀಝ್, 2019ರಲ್ಲಿ ಸುಮಾರು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಕೊಂಡುಕೊಂಡವು. ಇಡೀ ಜಗತ್ತು ಕಾಯುತ್ತಿರೋ ಜಿಟಿಎ ಮಾಡುವ ಅದೇ ರಾಕ್‌ಸ್ಟಾರ್. 22 ವರ್ಷ ಕಟ್ಟಿದ ಕಂಪನಿಗೆ 79 ಲಕ್ಷ ಡಾಲರ್, ಇನ್ನೊಂದು ಕಡೆ 6,900 ಕೋಟಿ ಡಾಲರ್. ಎರಡನ್ನೂ ಪಕ್ಕಪಕ್ಕ ಇಟ್ಟರೆ ನಾವು ಎಲ್ಲಿ ನಿಂತಿದ್ದೀವಿ ಅಂತ ಕಾಣುತ್ತೆ. ಕೆಲಸ ನಮ್ಮದು, ಆಟ ಅವರದು. ಆ ಕೆಲಸ ಕೀಳು ಅಂತ ನಾವು ಖಂಡಿತ ಹೇಳ್ತಿಲ್ಲ. ನಮ್ಮ ಸೀನಿಯರ್‌ಗಳಿಗೆ ಅಲ್ಲಿ ಕೆಲಸ ಸಿಕ್ಕರೆ ನಾವೇ ಪಾರ್ಟಿ ಕೇಳ್ತೀವಿ. ಆದರೆ ಆಟ ಹೇಗಿರಬೇಕು ಅಂತ ತೀರ್ಮಾನ ಮಾಡುವ ಕುರ್ಚಿ ಇಲ್ಲಿಗೆ ಯಾವಾಗ ಬರುತ್ತೆ?

ಪ್ರಯತ್ನವೇ ಆಗಿಲ್ಲ ಅಂತಲ್ಲ. 2009ರಲ್ಲಿ ಪಿಎಸ್2ಗೆ 'ಹನುಮಾನ್: ಬಾಯ್ ವಾರಿಯರ್' ಅಂತ ಹೈದರಾಬಾದಿನಲ್ಲಿ ತಯಾರಾದ ಆಟ ಬಂತು. ಅದಕ್ಕೆ ವಿಮರ್ಶಕರಿಂದ ಬೈಗುಳವೇ ಜಾಸ್ತಿ. ಇನ್ನೂ ಕೆಲವು ಬಂದವು. 2013ರಲ್ಲಿ ಪಿಎಸ್2 ತಯಾರಿಕೆ ನಿಂತ ಮೇಲೆ ಆ ಉತ್ಸಾಹವೂ ತಣ್ಣಗಾಯಿತು. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಆಟಕ್ಕೆ 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಕೇಳಿದ ಹಣ ಹುಟ್ಟಲಿಲ್ಲ. ಬಿಡದೆ ಮಾಡಿ 2020ರಲ್ಲಿ ಮೊದಲು ನಿಂಟೆಂಡೊ ಸ್ವಿಚ್‌ನಲ್ಲಿ ತಂದರು. ತಮಾಷೆ ಏನಂದ್ರೆ, ನಿಂಟೆಂಡೊ ಸ್ವಿಚ್ಚನ್ನು ಭಾರತದಲ್ಲಿ ಅಧಿಕೃತವಾಗಿ ಮಾರೋದೇ ಇಲ್ಲ, ಇಲ್ಲಿ ಸಿಗೋದು ಇಂಪೋರ್ಟ್ ಮಾಲು. ನಮ್ಮ ದೇಶದ ಆಟ ನಮ್ಮ ಅಂಗಡಿಗೆ ಬಾರದ ಡಬ್ಬದಲ್ಲಿ ಮೊದಲು ಬಿಡುಗಡೆ! 2023ರಲ್ಲಿ ಸೋನಿ 'ಇಂಡಿಯಾ ಹೀರೋ ಪ್ರಾಜೆಕ್ಟ್' ಅಂತ ಇಲ್ಲಿಯ ಡೆವಲಪರ್‌ಗಳಿಗಾಗಿ ಒಂದು ಯೋಜನೆ ಘೋಷಿಸಿತು. ಚೀನಾದಲ್ಲಿ ಇಂಥದ್ದೇ ಯೋಜನೆ ಅದಕ್ಕಿಂತ ಹಲವು ವರ್ಷ ಮುಂಚೆ ಶುರುವಾಗಿತ್ತು. ತಡ ಆದರೂ ಒಳ್ಳೆಯದೇ. ಆದರೆ ಅದು ಈಗಾಗಲೇ ಸ್ಟುಡಿಯೋ ಕಟ್ಟಿಕೊಂಡವರಿಗೆ. ಅದಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ?

ನಾವು ನಿಂತಿರೋದು ಅಲ್ಲೇ. ಕಳೆದ ರಜೆಯಲ್ಲಿ ನಾಲ್ಕೂ ಜನ ಸೇರಿ ಲಗೋರಿ ಆಟ ಮಾಡಿದೆವು. ಏಳು ಕಲ್ಲು, ಒಂದು ಚೆಂಡು, ಎರಡು ತಂಡ. ಎಂಜಿನ್ ಗೋಡಾಟ್, ಯಾಕಂದ್ರೆ ಅದು ಫ್ರೀ. ಮೊದಲು ಹಳೇ ಕಂಪ್ಯೂಟರ್‌ನಲ್ಲಿದ್ದ ಗೋಡಾಟ್ 3ರಲ್ಲಿ ಶುರು ಮಾಡಿದ್ವಿ. 'ಕಲ್ಲು' ಅಂತ ಬರೆದರೆ ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತುಬಿಡ್ತಿತ್ತು. ಗೋಡಾಟ್ 4ಕ್ಕೆ ಬದಲಾಯಿಸಿದ ಮೇಲೆ ಒತ್ತಕ್ಷರ ಸರಿಹೋಯಿತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡ ಅಕ್ಷರದ ಬಗ್ಗೆ ಅಷ್ಟು ಚಿಂತೆ ಆಗಿದ್ದು ಅದೇ ಮೊದಲು.

ಫೋನಿಗೆ ತರೋದು ಸುಲಭ. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್, ಆಮೇಲೆ 12 ಜನ ಟೆಸ್ಟರ್‌ಗಳು 14 ದಿನ ಜೊತೆಗಿರಬೇಕು. ಕ್ಲಾಸ್‌ನವರನ್ನೇ ಹಿಡಿದು ತಂದೆವು. ಆದರೆ ಲಗೋರಿ ಒಬ್ಬೊಬ್ಬರೇ ಫೋನ್ ಹಿಡಿದು ಆಡೋ ಆಟ ಅಲ್ಲ. ನಾಲ್ಕು ಜನ ಒಂದೇ ಟಿವಿ ಮುಂದೆ ಕೂತು, ಒಬ್ಬರನ್ನೊಬ್ಬರು ತಳ್ಳುತ್ತಾ ಆಡಬೇಕು. ಅಂದ್ರೆ ಕನ್ಸೋಲ್ ಬೇಕು.

ಅಲ್ಲಿ ಬಾಗಿಲು ಮುಚ್ಚಿದೆ. ಕನ್ಸೋಲ್ ಕಂಪನಿಗಳ ಸಾಫ್ಟ್‌ವೇರ್ ಕಿಟ್ ರಹಸ್ಯ ಒಪ್ಪಂದದ ಒಳಗಿರುತ್ತೆ. ಗೋಡಾಟ್ ಓಪನ್ ಸೋರ್ಸ್ ಆದ್ದರಿಂದ ಆ ಕೋಡನ್ನು ಒಳಗೆ ಸೇರಿಸಿಕೊಳ್ಳೋ ಹಾಗಿಲ್ಲ. ಸರಿ, ಮೊದಲು ಡೆವಲಪರ್ ಆಗಿ ನೋಂದಾಯಿಸಿಕೊಳ್ಳೋಣ ಅಂತ ಒಂದು ಕಂಪನಿಯ ಫಾರ್ಮ್ ತುಂಬಿದೆವು. ಸಂಸ್ಥೆಯ ಹೆಸರು, ಸಂಸ್ಥೆಯ ವೆಬ್‌ಸೈಟ್, ಹಿಂದೆ ಬಿಡುಗಡೆ ಮಾಡಿದ ಆಟಗಳು ಅಂತ ಕೇಳಿತ್ತು. ಮೊದಲ ಎರಡಕ್ಕೆ ಏನೋ ಬರೆದೆವು, ಮೂರನೆಯದಕ್ಕೆ 'ಇಲ್ಲ' ಅಂತ ಬರೆದೆವು. ಮೂರು ತಿಂಗಳಾಯ್ತು, ಉತ್ತರ ಬಂದಿಲ್ಲ.

ಎದುರು ವಾದ ನಮಗೂ ಗೊತ್ತು. ಭಾರತದಲ್ಲಿ ಎಲ್ಲರೂ ಫೋನಿನಲ್ಲೇ ಆಡ್ತಾರೆ. ಪಿಎಸ್5 ಇಲ್ಲಿ ಬಂದಾಗಲೇ 49,990 ರೂಪಾಯಿ, ಒಂದು ಹೊಸ ಆಟಕ್ಕೆ 4,999. ಅಷ್ಟು ಕೊಟ್ಟು ಎಷ್ಟು ಜನ ಕೊಳ್ತಾರೆ? ಮಾರ್ಕೆಟ್ಟೇ ಇಲ್ಲದ ಕಡೆ ಕಂಪನಿ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಸರಿಯಾದ ಮಾತು. ಆದರೆ ಚೀನಾದಲ್ಲಿ 2000ದಿಂದ ಹೆಚ್ಚೂಕಮ್ಮಿ 14 ವರ್ಷ ಕನ್ಸೋಲ್ ಮಾರಾಟಕ್ಕೇ ನಿಷೇಧ ಇತ್ತು. ಅಂಥ ದೇಶದಿಂದ 2024ರಲ್ಲಿ ಬಂದ 'ಬ್ಲ್ಯಾಕ್ ಮಿಥ್: ವುಕಾಂಗ್', ತಮ್ಮದೇ ಹಳೇ ಕೋತಿ ರಾಜನ ಕತೆ ಇಟ್ಟುಕೊಂಡು, ಪಿಸಿ ಮತ್ತು ಪಿಎಸ್5ರಲ್ಲಿ ಮೂರು ದಿನದಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು. ಎಕ್ಸ್‌ಬಾಕ್ಸ್‌ಗೆ ಆ ಆಟ ಸಿಕ್ಕಿದ್ದು ಒಂದು ವರ್ಷ ತಡವಾಗಿ. ಡೆವಲಪರ್ ಎಲ್ಲಿಂದ ಎದ್ದು ಬರ್ತಾರೆ ಅಂತ ಯಾವ ಕಂಪನಿಗೂ ಮೊದಲೇ ಗೊತ್ತಿರಲ್ಲ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಬಾಗಿಲು ತೆಗೆಯೋದು ಕಷ್ಟದ ಕೆಲಸವೂ ಅಲ್ಲ. ಸೋನಿನೇ 1990ರ ದಶಕದಲ್ಲಿ ನೆಟ್ ಯಾರೋಝ್ ಅಂತ ಕಪ್ಪು ಬಣ್ಣದ ಪ್ಲೇಸ್ಟೇಷನ್ನನ್ನು ಮನೆಯಲ್ಲಿ ಕೂತು ಆಟ ಬರೆಯುವ ಹವ್ಯಾಸಿಗಳಿಗೆ ಮಾರಿತ್ತು. ಮೈಕ್ರೋಸಾಫ್ಟ್ 2013ರಿಂದ ಸಣ್ಣ ತಂಡಗಳಿಗೆ ಒಂದು ಯೋಜನೆ ನಡೆಸ್ತಿದೆ. ಅಂಗಡಿಯಲ್ಲಿ ಕೊಂಡ ಎಕ್ಸ್‌ಬಾಕ್ಸನ್ನೇ ಡೆವಲಪರ್ ಮೋಡ್‌ಗೆ ತರುವ ದಾರಿಯನ್ನೂ 2016ರಲ್ಲಿ ತೆಗೆಯಿತು. ಅಂದ್ರೆ ಮನಸ್ಸಿದ್ದರೆ ಆಗುತ್ತೆ.

ನಾವು ಕೇಳೋದು ಎರಡೇ. ಒಂದು, ಕಾಲೇಜು ತಂಡಗಳಿಗೆ ಡೆವ್ ಕಿಟ್ ಕೈಗೆಟುಕಬೇಕು. 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ತಂದ ರಾಜ್ಯ ನಮ್ಮದು. 2021ರಲ್ಲಿ ಮಹದೇವಪುರದಲ್ಲಿ ಅದಕ್ಕಾಗಿ ಉತ್ಕೃಷ್ಟತಾ ಕೇಂದ್ರವೂ ಶುರುವಾಯಿತು. ವಿಮಾನಪುರದಿಂದ ಅಲ್ಲಿಗೆ ದೂರ ಏನಿಲ್ಲ, ಟ್ರಾಫಿಕ್ ಬಿಟ್ಟರೆ. ಸರ್ಕಾರ ಕಂಪನಿಗಳ ಜೊತೆ ಮಾತಾಡಿ, ಲೈಬ್ರರಿ ಪುಸ್ತಕದ ಹಾಗೆ ಹೆಸರು ಬರೆಸಿ ಅಂಥ ಕೇಂದ್ರಗಳಲ್ಲಿ ಕಿಟ್ ಬಳಸೋ ಹಾಗೆ ಮಾಡಬಹುದು. ಎರಡು, ಕನ್ನಡ. ವಿಂಡೋಸ್‌ನಲ್ಲಿ ಕನ್ನಡ ಇದೆ, ಆಂಡ್ರಾಯ್ಡ್‌ನಲ್ಲಿ ಇದೆ. ಪಾರ್ಲರ್‌ನ ಪಿಎಸ್5ನ ಭಾಷೆಗಳ ಪಟ್ಟಿ ಪೂರ್ತಿ ಇಳಿಸಿ ನೋಡಿದೆವು, ಇಲ್ಲ. ನಮ್ಮ ಒತ್ತಕ್ಷರ ಸರಿಯಾಗಿ ಕಾಣದ ಯಂತ್ರ ನಮ್ಮ ಆಟಕ್ಕೆ ಸಿದ್ಧ ಆಗಿದೆ ಅಂತ ಹೇಗೆ ಹೇಳೋದು?

ಹೋದ ತಿಂಗಳು ಪಾರ್ಲರ್ ಅಣ್ಣನನ್ನು ಒಪ್ಪಿಸಿ, ನಮ್ಮ ಲ್ಯಾಪ್‌ಟಾಪನ್ನು ಅವರ ಟಿವಿಗೆ ಸಿಕ್ಕಿಸಿ ಲಗೋರಿ ಹಾಕಿದೆವು. ಪಕ್ಕದಲ್ಲಿ ಫುಟ್‌ಬಾಲ್ ಆಟ ಆಡ್ತಿದ್ದ ಸ್ಕೂಲ್ ಹುಡುಗರು ಎದ್ದು ಬಂದರು. ಚೆಂಡು ತುಂಬ ಜಾರುತ್ತೆ ಅಂತ ಬೈದರು, ಆಮೇಲೆ ಇನ್ನೊಂದು ಸಲ ಆಡಿದರು, ಇನ್ನೊಂದು ಸಲ ಆಡಿದರು. ಹೊರಡುವಾಗ ಒಬ್ಬ ಕೇಳಿದ: "ಅಣ್ಣಾ, ಇದು ಪಿಎಸ್5ಗೆ ಯಾವಾಗ ಬರತ್ತೆ?"

ಸೋನಿ ಪಾರ್ಟಿ, ಮೈಕ್ರೋಸಾಫ್ಟ್ ಪಾರ್ಟಿ, ಎರಡೂ ಕಡೆಯವರು ಮುಖ ಮುಖ ನೋಡಿಕೊಂಡೆವು. ಚೆಂಡು ಜಾರೋದನ್ನು ಸರಿ ಮಾಡಿದ್ದೀವಿ. ಅವನಿಗೆ ಉತ್ತರ ಇನ್ನೂ ಕೊಡಬೇಕು.