ಒಂದೇ ಒರಳು, ಬೇರೆ ಬೇರೆ ಬಿಲ್ಲೆ



ಮೊನ್ನೆ ಕೊಂಡಾಪುರದ ನಮ್ಮ ಮನೆಯಲ್ಲಿ ಚಕ್ಕುಲಿ ಒತ್ತುತ್ತಿದ್ದೆ. ಮಗ ಜಾವಾದ ‘ಜೆನೆರಿಕ್ ಫ್ಯಾಕ್ಟರಿ’ ಕೈಕೊಟ್ಟಿತೆಂದು ಗೊಣಗುತ್ತಿದ್ದ. “ಕನ್ನಡದಲ್ಲಿ ಹೇಳೋ” ಎಂದೆ. ತಡವರಿಸಿದ. ಇಬ್ಬರೂ ಸೇರಿ ಬಿಡಿಸಿದೆವು.

ಫ್ಯಾಕ್ಟರಿ ಎಂದರೆ ಕೇಳಿದ ವಸ್ತುವನ್ನು ತಯಾರಿಸಿ ಕೊಡುವ ಒರಳು. ತಯಾರಾದದ್ದನ್ನೆಲ್ಲ ‘ಆಬ್ಜೆಕ್ಟ್’ ಎಂಬ ಹೆಸರಿಲ್ಲದ ಡಬ್ಬಿಗೆ ತುಂಬಿದರೆ, ಚಕ್ಕುಲಿಯೆಂದು ತೆರೆದಾಗ ಖಾರದ ಸೇವು ಸಿಕ್ಕೀತು, ಅದೂ ನೆಂಟರ ಮುಂದೆ! 2004ರಲ್ಲಿ ಜಾವಾ 5ರೊಡನೆ ಬಂದ ಜೆನೆರಿಕ್ಸ್ ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿತು. ಅದಲು ಬದಲಾದರೆ ಕಂಪೈಲರ್ ಅಡುಗೆಮನೆಯಲ್ಲೇ ಹಿಡಿಯುತ್ತದೆ.

ತೊಡಕೆಂದರೆ, ಕಂಪೈಲ್ ಆದಮೇಲೆ ಜಾವಾ ಆ ಚೀಟಿಯನ್ನು ಅಳಿಸಿಬಿಡುತ್ತದೆ. ‘ಟಿ’ ಯಾವುದೆಂದು ಒರಳಿಗೆ ತಿಳಿಯದು. ಆದ್ದರಿಂದ ‘ನ್ಯೂ ಟಿ’ ಎಂದು ಬರೆಯಲಾಗದು. ಬಿಲ್ಲೆಯನ್ನು ನಾವೇ ಕೈಗೆ ಕೊಡಬೇಕು: ‘ಕ್ಲಾಸ್’ ರೂಪದಲ್ಲಿ, ಇಲ್ಲವೇ 2014ರ ಜಾವಾ 8ರಿಂದ ಬಂದ ‘ಸಪ್ಲೈಯರ್’ ರೂಪದಲ್ಲಿ.

ಇಷ್ಟು ಹೇಳುವಷ್ಟರಲ್ಲಿ ಮಗ ಸುಮ್ಮನಾದ. ಅವನು ಬಿಲ್ಲೆ ಕೊಟ್ಟಿರಲಿಲ್ಲ. ಸಿಕ್ಕಿದ ವಸ್ತುವಿಗೆ ಬಲವಂತವಾಗಿ ‘ಟಿ’ ಎಂಬ ಚೀಟಿ ಹಚ್ಚಿ, ಕಂಪೈಲರಿನ ಎಚ್ಚರಿಕೆಯನ್ನು ಬಾಯಿ ಮುಚ್ಚಿಸಿದ್ದ.

ಇಂಗ್ಲಿಷಿನ ಪದಗಳ ಹಿಂದೆ ಅಡಗಿದ್ದ ತಪ್ಪು ಮನೆಮಾತಿನಲ್ಲಿ ಹೊರಬಿತ್ತು. ನೀವೂ ಒಮ್ಮೆ ಅಮ್ಮನಿಗೆ ಹೇಳಿನೋಡಿ. ಚಕ್ಕುಲಿಯಂತೂ ಸಿಕ್ಕೇ ಸಿಗುತ್ತದೆ!