ಪಾಯಿಂಟ್ ದಪ್ಪಕ್ಷರದಲ್ಲಿ, ಫೀಸ್ ಸಣ್ಣಕ್ಷರದಲ್ಲಿ

ಕನ್ನಡ ಸಂಘದ ಪತ್ರಿಕೆಯಲ್ಲಿ ಕ್ರೆಡಿಟ್ ಕಾರ್ಡ್ ಬಗ್ಗೆ ಲೇಖನವಾ ಅಂತ ನೀವು ಕೇಳಬಹುದು. ನಮ್ಮಲ್ಲಿ ಹೆಚ್ಚಿನವರ ಹೆಸರಲ್ಲಿ ಕಾರ್ಡೇ ಇಲ್ಲ, ನಿಜ. ಸಂಬಳ ಇಲ್ಲದವರಿಗೆ ಬ್ಯಾಂಕ್‌ನವರು ಅಷ್ಟು ಸುಲಭವಾಗಿ ಕೊಡೋದೂ ಇಲ್ಲ. ಆದರೆ ಅಪ್ಪನ ಕಾರ್ಡ್ ನಂಬರ್ ಬಾಯಿಪಾಠ ಇರುವವರು ಹಾಸ್ಟೆಲ್‌ನ ಪ್ರತಿ ಫ್ಲೋರ್‌ನಲ್ಲೂ ಸಿಗ್ತಾರೆ. ಪ್ರಾಜೆಕ್ಟ್‌ಗೆ ಡೊಮೈನ್ ನೇಮ್, ಕ್ಲೌಡ್ ಸರ್ವರ್, ಎಐ ಟೂಲ್‌ಗಳ ತಿಂಗಳ ಚಂದಾ, ಆನ್‌ಲೈನ್ ಕೋರ್ಸ್, ಚೀನಾದಿಂದ ತರಿಸುವ ಪಿಸಿಬಿ, ಫೈನಲ್ ಇಯರ್ ಸೀನಿಯರ್‌ಗಳ ಅಮೆರಿಕ ಯೂನಿವರ್ಸಿಟಿ ಅರ್ಜಿ ಶುಲ್ಕ: ಇವೆಲ್ಲ ಹೊರದೇಶಕ್ಕೆ ಹೋಗುವ ಹಣ. ದೇಶ ಬಿಟ್ಟು ಒಂದು ದಿನವೂ ಆಚೆ ಹೋಗದ ನಾವು, ಹಾಸ್ಟೆಲ್ ರೂಮಿನಲ್ಲಿ ಕೂತೇ ಫಾರಿನ್ ಗಿರಾಕಿಗಳು. ಒಟಿಪಿಗೆ ಮನೆಗೆ ಫೋನ್ ಮಾಡ್ತೀವಿ, ಅವರು ಹೇಳ್ತಾರೆ, ಮುಗೀತು. ಎಷ್ಟೋ ವಿದೇಶಿ ಸೈಟ್‌ಗಳಲ್ಲಿ ಒಟಿಪಿ ಕೂಡ ಕೇಳೋದಿಲ್ಲ.

ನನ್ನ ವಾದ ಇಷ್ಟೇ. ವಿದೇಶಿ ವ್ಯವಹಾರಕ್ಕೆ ಬ್ಯಾಂಕ್ ಫೀಸ್ ತಗೊಳ್ಳೋದು ತಪ್ಪಲ್ಲ. ಅದು ಎಷ್ಟು ರೂಪಾಯಿ ಅಂತ ಹಣ ಕೊಡುವ ಹೊತ್ತಿನಲ್ಲಿ ಹೇಳದೇ ಇರೋದು ತಪ್ಪು. ಅದರ ಜೊತೆಗೆ, ಕೊಡುವ ಪಾಯಿಂಟ್‌ಗಳನ್ನು ಮಾತ್ರ ದಪ್ಪಕ್ಷರದಲ್ಲಿ ತೋರಿಸೋದು ಇನ್ನೂ ದೊಡ್ಡ ತಪ್ಪು.

ಒಂದು ಉದಾಹರಣೆ ಕೊಡ್ತೀನಿ. ಹೋದ ಸೆಮಿಸ್ಟರ್‌ನಲ್ಲಿ ನಮ್ಮ ರೋಬೋಟಿಕ್ಸ್ ಟೀಮ್ ಹೊರದೇಶದ ಒಂದು ಕಂಪನಿಯಿಂದ 240 ಡಾಲರ್‌ನ ಸಾಮಾನು ತರಿಸಿತು. ಟೀಮಿನ ಒಬ್ಬ ಸೀನಿಯರ್ ಅವರ ಅಪ್ಪನ ಕಾರ್ಡ್ ಕೊಟ್ಟರು. ಲೆಕ್ಕ ಸುಲಭವಾಗಲಿ ಅಂತ ಡಾಲರ್‌ಗೆ 85 ರೂಪಾಯಿ ಇಟ್ಟುಕೊಳ್ಳೋಣ: 20,400 ರೂಪಾಯಿ. ಟೀಮಿನ ಎಂಟು ಜನ ತಲಾ 2,550 ಹಾಕಿ ಕೊಟ್ಟೆವು, ಎಕ್ಸೆಲ್ ಶೀಟ್‌ನಲ್ಲಿ ಎಲ್ಲ ಸರಿಹೊಂದಿತು. ಆಮೇಲೆ ಕಾರ್ಡಿನ ಸ್ಟೇಟ್‌ಮೆಂಟ್ ಬಂತು. ಅದರಲ್ಲಿ ಒಂದಲ್ಲ, ಮೂರು ಸಾಲು. ಮೊದಲನೆಯದು 20,400. ಇನ್ನೊಂದು ಕಡೆ ಮಾರ್ಕಪ್ ಫೀ 714. ಮತ್ತೊಂದು ಕಡೆ ಜಿಎಸ್‌ಟಿ 128.52. ಒಟ್ಟು 842 ರೂಪಾಯಿ 52 ಪೈಸೆ ಹೆಚ್ಚು.

ಆ ಸೀನಿಯರ್‌ನ ಅಪ್ಪ ತುಮಕೂರಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು. ಅಂಗಡಿಯವರಾದ್ದರಿಂದ ಬಿಲ್ಲನ್ನು ಸಾಲು ಸಾಲಾಗಿ ಓದ್ತಾರೆ. ಮಗನಿಗೆ ಫೋನ್ ಮಾಡಿ, "ಇದ್ಯಾವ ಮಾರ್ಕಪ್ಪೋ, ಯಾರು ಒಪ್ಪಿಕೊಂಡಿದ್ದು ಇದನ್ನ?" ಅಂತ ಕೇಳಿದರಂತೆ. ಸರಿಯಾದ ಪ್ರಶ್ನೆ. ಅವರ ಅಂಗಡಿಯಲ್ಲಿ ಪೈಪ್‌ಗೆ ಇಷ್ಟು, ಆಟೋ ಬಾಡಿಗೆ ಇಷ್ಟು ಅಂತ ಮೊದಲೇ ಹೇಳ್ತಾರೆ. ಗಿರಾಕಿ ಹೂಂ ಅಂದ ಮೇಲೇ ಸಾಮಾನು ಕಟ್ಟೋದು. ಸಾಮಾನು ಮನೆ ಸೇರಿದ ಮೇಲೆ ಚೀಟಿ ಕಳಿಸಿ ಇನ್ನೂ 842 ರೂಪಾಯಿ ಕೊಡಿ ಅಂದರೆ, ಮಾರನೇ ದಿನದಿಂದ ಆ ಅಂಗಡಿಗೆ ಯಾರು ಹೋಗ್ತಾರೆ? ನಾವು ಮತ್ತೆ ತಲಾ 105 ರೂಪಾಯಿ ಹಾಕಿ ಸರಿ ಮಾಡಿದೆವು. ಆದರೆ ಎಲ್ಲ ಟೀಮ್‌ಗಳೂ ಹಾಗೆ ಮಾಡಲ್ಲ. ಸಂಕೋಚ ಪಟ್ಟು ಕೇಳದೇ ಇರುವವರ ಅಪ್ಪ-ಅಮ್ಮ ಸುಮ್ಮನೆ ಕಟ್ಟುತ್ತಾರೆ.

ಈಗ ಇದು ಹೇಗೆ ಕೆಲಸ ಮಾಡುತ್ತೆ ನೋಡಿ. ಡಾಲರ್ ಅನ್ನು ರೂಪಾಯಿಗೆ ಬದಲಿಸೋದು ವೀಸಾ, ಮಾಸ್ಟರ್‌ಕಾರ್ಡ್‌ನಂಥ ನೆಟ್‌ವರ್ಕ್. ಅದರ ದರ ಅವರ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತೆ. ಅದರ ಮೇಲೆ ನಮಗೆ ಕಾರ್ಡ್ ಕೊಟ್ಟ ಬ್ಯಾಂಕ್ ತನ್ನ ಮಾರ್ಕಪ್ ಸೇರಿಸುತ್ತೆ. ನಮ್ಮ ದೇಶದ ತುಂಬಾ ಕಾರ್ಡ್‌ಗಳಲ್ಲಿ ಇದು ಶೇ 3.5. ದುಬಾರಿ ಕಾರ್ಡ್‌ಗಳಲ್ಲಿ ಶೇ 2ರ ಆಸುಪಾಸು. ಮಾರ್ಕಪ್ಪೇ ಇಲ್ಲದ ಕಾರ್ಡ್‌ಗಳೂ ಕೆಲವು ಇವೆ. ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ. ಹಾಗಾಗಿ 3.5 ಅಂತ ಬರೆದದ್ದು ನಿಜವಾಗಿ 4.13. ಜಿಎಸ್‌ಟಿ ಸೇರಿಸಿದ ಈ 4.13 ಅನ್ನೋ ಅಂಕಿ ಯಾವ ಜಾಹೀರಾತಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಡಾಲರ್‌ನಲ್ಲಿ ಕೊಟ್ಟರೆ ತಾನೇ ಈ ರಗಳೆ, ರೂಪಾಯಿಯಲ್ಲೇ ಕೊಟ್ಟರಾಯಿತು ಅಂತೀರಾ? ಅಲ್ಲೇ ಎರಡನೇ ಗುಂಡಿ ಇರೋದು. ಕೆಲವು ಸೈಟ್‌ಗಳು, ಹೊರದೇಶದ ಅಂಗಡಿಗಳ ಕಾರ್ಡ್ ಮಷೀನ್‌ಗಳು, "ನಿಮ್ಮ ಕರೆನ್ಸಿಯಲ್ಲೇ ಕೊಡಬಹುದು" ಅಂತ ತುಂಬಾ ಪ್ರೀತಿಯಿಂದ ಕೇಳುತ್ತವೆ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಶನ್ ಅಂತ ಹೆಸರು. ಇಲ್ಲಿ ದರ ನಿರ್ಧರಿಸೋದು ನೆಟ್‌ವರ್ಕ್ ಅಲ್ಲ, ಆ ವ್ಯಾಪಾರಿಯ ಕಡೆಯವರು. ಅವರ ಲಾಭ ದರದ ಒಳಗೇ ಸೇರಿಕೊಂಡಿರುತ್ತೆ. ಅಷ್ಟಕ್ಕೇ ಮುಗಿಯಲ್ಲ. ಬಿಲ್ ರೂಪಾಯಿಯಲ್ಲಿದ್ದರೂ ವ್ಯಾಪಾರಿ ಹೊರದೇಶದಲ್ಲಿ ನೋಂದಣಿ ಆಗಿದ್ದರೆ ನಮ್ಮ ಹಲವು ಬ್ಯಾಂಕ್‌ಗಳು ಅದಕ್ಕೂ ಶೇ 1 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಫೀಸ್, ಮೇಲೆ ಜಿಎಸ್‌ಟಿ ಹಾಕುತ್ತವೆ. ಪರದೆ ಮೇಲೆ ರೂಪಾಯಿ ಚಿಹ್ನೆ ಇದೆ, ಬೆಲೆ 499 ಅಂತ ಇದೆ. ಕಂಪನಿ ಸಿಂಗಪುರದಲ್ಲೋ ಐರ್ಲೆಂಡ್‌ನಲ್ಲೋ ಇದೆ ಅಂತ ಯಾರಿಗೆ ಗೊತ್ತಾಗುತ್ತೆ? ಮೂರನೆಯದು ರಿಫಂಡ್. ಡಾಲರ್‌ನಲ್ಲಿ ಕೊಂಡದ್ದನ್ನು ವಾಪಸ್ ಮಾಡಿದರೆ ಹಣ ಬರೋದು ವಾಪಸ್ ಮಾಡಿದ ದಿನದ ದರದಲ್ಲಿ. ಕಟ್ಟಿದ ಮಾರ್ಕಪ್ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ.

"ಆದರೆ ರಿವಾರ್ಡ್ ಪಾಯಿಂಟ್ ಬರುತ್ತಲ್ಲ" ಅನ್ನುವವರು ಇದ್ದಾರೆ. ಲೆಕ್ಕ ಹಾಕೋಣ. 150 ರೂಪಾಯಿಗೆ 2 ಪಾಯಿಂಟ್, ಒಂದು ಪಾಯಿಂಟ್‌ಗೆ 25 ಪೈಸೆ ಕೊಡುವ ಕಾರ್ಡ್ ಅಂತ ಇಟ್ಟುಕೊಳ್ಳಿ. 20,400 ರೂಪಾಯಿಗೆ 272 ಪಾಯಿಂಟ್. 272 ಅಂದರೆ ಕೇಳೋಕೆ ಚೆನ್ನಾಗಿದೆ. ರೂಪಾಯಿಯಲ್ಲಿ ಅದು 68. ಫೀಸ್ 842, ಬಹುಮಾನ 68. ಆ ಪಾಯಿಂಟ್‌ಗಳನ್ನು ಬಳಸಿಕೊಳ್ಳೋಕೆ ಹಲವು ಬ್ಯಾಂಕ್‌ಗಳು ಪ್ರತಿ ಸಲ 99 ರೂಪಾಯಿ, ಮೇಲೆ ಜಿಎಸ್‌ಟಿ ತಗೊಳ್ಳುತ್ತವೆ. ಅಂದರೆ 116 ರೂಪಾಯಿ 82 ಪೈಸೆ. 68 ರೂಪಾಯಿ ಪಡೆಯೋಕೆ 116 ರೂಪಾಯಿ! ಪಾಯಿಂಟ್ ಕೂಡಿಟ್ಟು ಒಟ್ಟಿಗೆ ಬಳಸಿದರೆ ಇದರ ಹೊರೆ ಕಮ್ಮಿ ಆಗುತ್ತೆ, ಸರಿ. ಆದರೆ ಕೂಡಿಡುವಷ್ಟರಲ್ಲಿ ಪಾಯಿಂಟ್‌ನ ಬೆಲೆ ಅಷ್ಟೇ ಇರುತ್ತೆ ಅಂತ ಯಾರು ಹೇಳಿದ್ದು?

ಯಾಕೆಂದರೆ ರಿವಾರ್ಡ್ ನಿಯಮ ಬ್ಯಾಂಕಿನ ಕೈಯಲ್ಲಿದೆ. ಆಕ್ಸಿಸ್ ಬ್ಯಾಂಕಿನ ಮ್ಯಾಗ್ನಸ್ ಕಾರ್ಡ್‌ನಲ್ಲಿ ತಿಂಗಳಿಗೆ 1 ಲಕ್ಷ ಖರ್ಚು ಮಾಡಿದರೆ 25,000 ಪಾಯಿಂಟ್ ಸಿಗುತ್ತಿತ್ತು. 2023ರ ಸೆಪ್ಟೆಂಬರ್‌ನಿಂದ ಅದನ್ನು ನಿಲ್ಲಿಸಿದರು, ವಾರ್ಷಿಕ ಶುಲ್ಕವನ್ನು 10,000ದಿಂದ 12,500ಕ್ಕೆ ಏರಿಸಿದರು. ಎಸ್‌ಬಿಐ ಕ್ಯಾಶ್‌ಬ್ಯಾಕ್ ಕಾರ್ಡ್‌ನಲ್ಲಿ ತಿಂಗಳಿಗೆ 10,000 ಇದ್ದ ಕ್ಯಾಶ್‌ಬ್ಯಾಕ್ ಮಿತಿ ಅದೇ ವರ್ಷದ ಮೇ ತಿಂಗಳಿಂದ 5,000 ಆಯಿತು, ಏರ್‌ಪೋರ್ಟ್ ಲೌಂಜ್ ಸೌಲಭ್ಯವೂ ಹೋಯಿತು. ಇದರಲ್ಲಿ ಕಾನೂನುಬಾಹಿರ ಏನೂ ಇಲ್ಲ. ರಿವಾರ್ಡ್ ಹಣ ಬರೋದೇ ಅಂಗಡಿಯವರು ಪ್ರತಿ ಸ್ವೈಪ್‌ಗೆ ಕಟ್ಟುವ ಶುಲ್ಕದಿಂದ. ಅದರಲ್ಲಿ ಒಂದು ಪಾಲನ್ನು ಬ್ಯಾಂಕ್ ನಮಗೆ ಕೊಟ್ಟು ನಾವು ಇನ್ನಷ್ಟು ಉಜ್ಜಲಿ ಅಂತ ನೋಡುತ್ತೆ. ಲೆಕ್ಕ ಗಿಟ್ಟದಿದ್ದರೆ ಪಾಲು ಕಮ್ಮಿ ಮಾಡುತ್ತೆ. ಅದು ವ್ಯಾಪಾರ, ಒಪ್ಪೋಣ. ನನ್ನ ತಕರಾರು ಬೇರೆ. ಕಾರ್ಡ್ ಮಾರುವಾಗ ಪಾಯಿಂಟ್ ಒಂದು ಹಕ್ಕಿನಂತೆ ಕಾಣುತ್ತೆ, ಬೇಡವಾದಾಗ ಅದು ಬ್ಯಾಂಕ್ ಕೊಟ್ಟ ಭಕ್ಷೀಸು ಆಗಿಬಿಡುತ್ತೆ. ಫೀಸ್ ಮಾತ್ರ ಯಾವತ್ತೂ ಭಕ್ಷೀಸು ಆಗಲ್ಲ, ಅದು ಪಕ್ಕಾ.

ಬ್ಯಾಂಕ್‌ನವರ ಉತ್ತರ ಗೊತ್ತಿರೋದೇ: "ಎಲ್ಲವೂ ನಿಯಮಗಳಲ್ಲಿ ಬರೆದಿದೆ, ನೀವು ಒಪ್ಪಿದ್ದೀರಿ." ಹೌದು, ಬರೆದಿದೆ. ಪುಟಗಟ್ಟಲೆ ಪಿಡಿಎಫ್‌ನಲ್ಲಿ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ನನಗೇ ಆ ವಾಕ್ಯಗಳನ್ನು ಎರಡೆರಡು ಸಲ ಓದಬೇಕಾಯಿತು. ಕನ್ನಡದಲ್ಲಿ ಲೆಕ್ಕ ಬರೆಯುವ ಅಂಗಡಿಯವರು ಏನು ಮಾಡಬೇಕು? ರಿಸರ್ವ್ ಬ್ಯಾಂಕ್ 2022ರಲ್ಲಿ ಕಾರ್ಡ್‌ಗಳ ಬಗ್ಗೆ ಹೊರಡಿಸಿದ ನಿರ್ದೇಶನದಲ್ಲಿ ನಿಯಮಗಳು ಸರಳ, ಸ್ಪಷ್ಟ ಭಾಷೆಯಲ್ಲಿರಬೇಕು, ಆದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿರಬೇಕು ಅಂತಿದೆ. ಆ "ಆದಷ್ಟೂ" ಅನ್ನೋ ಪದವೇ ಎಲ್ಲವನ್ನೂ ನುಂಗಿ ಹಾಕುತ್ತೆ. ಕನ್ನಡದಲ್ಲಿ ಕಾರ್ಡ್ ಮಾರೋಕೆ ಫೋನ್ ಮಾಡಲು ಬರುತ್ತೆ, ಕನ್ನಡದಲ್ಲಿ ಜಾಹೀರಾತು ಮಾಡಲು ಬರುತ್ತೆ, ಫೀಸ್ ಪಟ್ಟಿ ಕೊಡಲು ಮಾತ್ರ ಬರಲ್ಲ ಅಂದರೆ ಹೇಗೆ? ಕನ್ನಡ ಸಂಘದ ಪತ್ರಿಕೆಯಲ್ಲಿ ಈ ವಿಷಯ ಯಾಕೆ ಅನ್ನೋದಕ್ಕೆ ಇದೇ ನನ್ನ ಉತ್ತರ.

ಇನ್ನೊಂದು ಸಬೂಬು ಬರಬಹುದು: "ಹಣ ಹೋಗುವ ಹೊತ್ತಿಗೆ ಅದು ವಿದೇಶಿ ವ್ಯವಹಾರ ಅಂತ ತಕ್ಷಣ ಹೇಳೋದು ತಾಂತ್ರಿಕವಾಗಿ ಕಷ್ಟ." ಇದನ್ನು ಎಂಜಿನಿಯರಿಂಗ್ ಓದುವ ನಾವು ಒಪ್ಪಬಾರದು. ಕಾರ್ಡ್ ವ್ಯವಹಾರದ ಸಂದೇಶಗಳು ಐಎಸ್‌ಒ 8583 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಓಡಾಡುತ್ತವೆ. ಅದರಲ್ಲಿ 49ನೇ ಫೀಲ್ಡ್ ವ್ಯವಹಾರದ ಕರೆನ್ಸಿ ಕೋಡ್, 19ನೇ ಫೀಲ್ಡ್ ವ್ಯಾಪಾರಿಯ ಬ್ಯಾಂಕ್ ಯಾವ ದೇಶದ್ದು ಅನ್ನೋ ಕೋಡ್. ಒಟಿಪಿಗೆ ಬಳಸುವ 3ಡಿ ಸೆಕ್ಯೂರ್‌ನ ಎರಡನೇ ಆವೃತ್ತಿಯ ಸಂದೇಶದಲ್ಲೂ ಮೊತ್ತ, ಕರೆನ್ಸಿ, ವ್ಯಾಪಾರಿಯ ದೇಶ ಮೂರೂ ಇರುತ್ತವೆ. ಬ್ಯಾಂಕಿನ ಕಂಪ್ಯೂಟರ್‌ಗೆ ಆ ಕ್ಷಣದಲ್ಲೇ ಎಲ್ಲ ಗೊತ್ತು. ದರ ಅಂತಿಮವಾಗಿ ಒಂದೆರಡು ದಿನ ಬಿಟ್ಟು ತೀರ್ಮಾನ ಆಗುತ್ತೆ, ಪೈಸೆ ಲೆಕ್ಕ ಆಗ ಬದಲಾಗಬಹುದು, ಸರಿ. "ಸುಮಾರು" ಅಂತ ಹಾಕಿ ಹೇಳಲಿ. ಒಂದು ಇಫ್ ಕಂಡಿಶನ್, ಒಂದು ಗುಣಾಕಾರ. ಫಸ್ಟ್ ಸೆಮ್ ಸಿ ಲ್ಯಾಬ್‌ನಲ್ಲಿ ಇದಕ್ಕಿಂತ ಕಷ್ಟದ ಪ್ರೋಗ್ರಾಂ ಬರೆಸ್ತಾರೆ.

ಬೇರೆ ಕಡೆ ಇದಾಗಿದೆ. ಅಮೆರಿಕದಲ್ಲಿ ಕರೆನ್ಸಿ ಬದಲಾವಣೆಯ ಶುಲ್ಕವನ್ನು ಮುಚ್ಚಿಟ್ಟಿದ್ದಾರೆ ಅಂತ ಗಿರಾಕಿಗಳು ಹಾಕಿದ ಮೊಕದ್ದಮೆಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಮತ್ತು ಕೆಲವು ದೊಡ್ಡ ಬ್ಯಾಂಕ್‌ಗಳು 2006ರಲ್ಲಿ 33.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಲು ಒಪ್ಪಿದವು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ, ಎಟಿಎಂನಲ್ಲೋ ಅಂಗಡಿ ಮಷೀನ್‌ನಲ್ಲೋ ಕರೆನ್ಸಿ ಬದಲಿಸುವ ಆಯ್ಕೆ ಕೊಡುವವರು ತಮ್ಮ ದರ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಂತ ಹಣ ಕೊಡುವ ಮೊದಲೇ ತೋರಿಸಬೇಕು. ಅಲ್ಲಿ ಆಗುವುದು ಇಲ್ಲಿ ಯಾಕಾಗಲ್ಲ? ನಮ್ಮ ಯುಪಿಐ ನೋಡಿ ಜಗತ್ತೇ ಮೆಚ್ಚುತ್ತೆ ಅಂತ ಹೆಮ್ಮೆ ಪಡುವ ದೇಶ ನಮ್ಮದು.

ಅದು ಆಗುವವರೆಗೆ ಕ್ಯಾಂಪಸ್‌ನಲ್ಲಿ ನಾವು ಮಾಡಬಹುದಾದ್ದು ಕೆಲವು ಇವೆ. ಮನೆಯ ಕಾರ್ಡಿನ ಮಾರ್ಕಪ್ ಎಷ್ಟು ಅಂತ ಒಮ್ಮೆ ಹುಡುಕಿ, 1.18ರಿಂದ ಗುಣಿಸಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಡಾಲರ್‌ನಲ್ಲಾ ರೂಪಾಯಿಯಲ್ಲಾ ಅಂತ ಕೇಳಿದರೆ, ಎರಡೂ ಮೊತ್ತ ಹೋಲಿಸದೆ ರೂಪಾಯಿ ಒತ್ತಬೇಡಿ. ಸಾಮಾನ್ಯವಾಗಿ ಅಲ್ಲಿನ ಕರೆನ್ಸಿಯೇ ಅಗ್ಗ. ಟೀಮ್, ಕ್ಲಬ್, ಫೆಸ್ಟ್‌ಗಳ ಬಜೆಟ್‌ನಲ್ಲಿ ವಿದೇಶಿ ಆರ್ಡರ್ ಇದ್ದರೆ ಶೇ 5 ಹೆಚ್ಚಿಗೆ ಇಡಿ. ಕಾರ್ಡ್ ಕೊಟ್ಟವರಿಗೆ ಸ್ಟೇಟ್‌ಮೆಂಟ್ ನೋಡಿ ಪೂರ್ತಿ ಹಣ ಕೊಡೋದು ನಿಯಮವಾಗಲಿ, ಉಪಕಾರ ಅಲ್ಲ. ಪಟ್ಟಿಯಲ್ಲಿ ಇಲ್ಲದ ಫೀಸ್ ಹಾಕಿದ್ದರೆ ಬ್ಯಾಂಕ್‌ಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ, ಖರ್ಚಿಲ್ಲದೆ ದೂರು ಹಾಕಬಹುದು.

ನಮ್ಮಲ್ಲಿ ಎಷ್ಟೋ ಜನ ಇನ್ನೆರಡು ವರ್ಷಕ್ಕೆ ಪ್ಲೇಸ್‌ಮೆಂಟ್ ಆಗಿ ಬ್ಯಾಂಕಿಂಗ್ ಸಾಫ್ಟ್‌ವೇರ್ ಬರೆಯುವ ಕಂಪನಿಗಳಿಗೇ ಹೋಗ್ತೀವಿ. ಮೊದಲ ಸಂಬಳದ ಜೊತೆಗೇ ನಮ್ಮ ಹೆಸರಿನ ಕಾರ್ಡ್ ಕೂಡ ಬರುತ್ತೆ, ಮಾರೋಕೆ ಬಂದವರು ಪಾಯಿಂಟ್ ಬಗ್ಗೆ ಮಾತಾಡ್ತಾರೆ. ಆಗ ಫೀಸ್ ಬಗ್ಗೆ ಕೇಳೋಣ. ಮತ್ತೆ, ಒಟಿಪಿ ಸಂದೇಶದಲ್ಲಿ ಏನಿರಬೇಕು ಅಂತ ತೀರ್ಮಾನಿಸುವ ಮೀಟಿಂಗ್‌ನಲ್ಲಿ ನಮ್ಮಲ್ಲಿ ಯಾರಾದರೂ ಕೂತಿದ್ದರೆ, ಈ ಎರಡು ವಾಕ್ಯ ಸೇರಿಸಿ ಅಂತ ಹೇಳಬೇಕು: "ಇದು ವಿದೇಶಿ ವ್ಯವಹಾರ. ಮೇಲಿನ ಮೊತ್ತದ ಜೊತೆಗೆ ನಿಮಗೆ ಸುಮಾರು ಇಷ್ಟು ರೂಪಾಯಿ ಫೀಸ್ ಬೀಳುತ್ತದೆ." ಕನ್ನಡದಲ್ಲಿ. ಹಣ ಹೋಗುವ ಮೊದಲು.