ಕಿಣ್ವದ ಹಾಜರಿಯೂ ಕಿಣ್ವದ ದುಡಿಮೆಯೂ

ಜೀವಕೋಶದ ಮೈಟೊಕಾಂಡ್ರಿಯಗಳಲ್ಲಿ ಉಸಿರಾಟದ ಕ್ರಿಯೆ ನಡೆಯುವಾಗ ಸೂಪರಾಕ್ಸೈಡ್ ಎಂಬ ಉಪದ್ರವಕಾರಿ ಅಯಾನು ಹುಟ್ಟುತ್ತದೆ. ಅದನ್ನು ಹೈಡ್ರೊಜನ್ ಪೆರಾಕ್ಸೈಡ್ ಹಾಗೂ ಆಕ್ಸಿಜನ್ನುಗಳಾಗಿ ಮಾರ್ಪಡಿಸುವ ಕಿಣ್ವವೇ ಮ್ಯಾಂಗನೀಸ್ ಸೂಪರಾಕ್ಸೈಡ್ ಡಿಸ್ಮ್ಯುಟೇಸ್. ಮಾನವನ ಈ ಕಿಣ್ವವನ್ನು ಅಳೆಯುವ ಸಿದ್ಧ ಪೆಟ್ಟಿಗೆಗಳು ಇಂದು ಪ್ರಯೋಗಶಾಲೆಗಳಿಗೆ ಕ್ರಯಕ್ಕೆ ದೊರೆಯುತ್ತವೆ. ಅವುಗಳ ಉಪಯುಕ್ತತೆಯ ಬಗ್ಗೆ ನನಗೆ ಸಂದೇಹವಿಲ್ಲ. ಅವು ಕೊಡುವ ಅಂಕಿಗೆ ನಾವು ಹಚ್ಚುವ ಅರ್ಥದಲ್ಲಿ ಆಕ್ಷೇಪವುಂಟು.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 96 ಗುಳಿಗಳುಳ್ಳ ತಟ್ಟೆಯೊಂದಿರುತ್ತದೆ. ಗುಳಿಯ ತಳಕ್ಕೆ ಅಂಟಿಸಿದ ಪ್ರತಿಕಾಯವು ದ್ರಾವಣದಲ್ಲಿನ ಕಿಣ್ವವನ್ನು ಹಿಡಿದಿಡುತ್ತದೆ. ಎರಡನೆಯ ಪ್ರತಿಕಾಯವೊಂದು ಬಂದು ಅದರ ಮೇಲೆ ಕೂಡುತ್ತದೆ. ಈ ಎರಡನೆಯದಕ್ಕೆ ಹಾರ್ಸ್‌ರ‍್ಯಾಡಿಷ್ ಎಂಬ ಗಿಡದ ಬೇರಿನ ಪೆರಾಕ್ಸಿಡೇಸ್ ಕಿಣ್ವವನ್ನು ಜೋಡಿಸಿರುತ್ತಾರೆ. ಹಿಡಿತಕ್ಕೆ ಸಿಗದುದನ್ನು ತೊಳೆದು, ತಕ್ಕ ದ್ರವವನ್ನು ಹಾಕಿದರೆ ನೀಲಿ ಬಣ್ಣವೇರುತ್ತದೆ. ಆಮ್ಲ ಬಿದ್ದೊಡನೆ ಹಳದಿಯಾಗುತ್ತದೆ. ಅದು 450 ನ್ಯಾನೊಮೀಟರು ಅಲೆಯುದ್ದದ ಬೆಳಕನ್ನು ಎಷ್ಟು ಹೀರಿತೆಂಬುದನ್ನು ನೋಡಿ, ಪ್ರಮಾಣ ಗೊತ್ತಿರುವ ದ್ರಾವಣಗಳೊಡನೆ ಹೋಲಿಸಿ, ಉತ್ತರವನ್ನು ಬರೆಯುತ್ತಾರೆ.

ಇಲ್ಲಿ ದುಡಿದವರಾರು? ಗಿಡದ ಕಿಣ್ವ! ಮನುಷ್ಯನ ಕಿಣ್ವವಾದರೋ ಸುಮ್ಮನೆ ಸಿಕ್ಕಿಕೊಂಡು ಕುಳಿತಿತ್ತು. ಪ್ರತಿಕಾಯವು ಗುರುತಿಸುವುದು ಅಣುವಿನ ಮೈಯ ಒಂದು ಭಾಗವನ್ನೇ ಹೊರತು ಅದರ ಕಾರ್ಯಶಕ್ತಿಯನ್ನಲ್ಲ. ಹಾಜರಿ ಪುಸ್ತಕದಿಂದ ತರಗತಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ತಿಳಿಯುತ್ತದೆ. ಎಷ್ಟು ಮಂದಿ ಎಚ್ಚರವಾಗಿದ್ದಾರೆಂಬುದು ತಿಳಿಯದು. (ಅಧ್ಯಾಪಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.)

ಇದು ಬರಿಯ ತರ್ಕವಲ್ಲ. ಕಸಿಮಾಡಿದ ಮೇಲೆ ದೇಹವು ನಿರಾಕರಿಸಿದ ಮೂತ್ರಪಿಂಡಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದೇ ಕಿಣ್ವದ ಪ್ರಮಾಣ ತಗ್ಗಿರದಿದ್ದರೂ ಚಟುವಟಿಕೆ ಕುಗ್ಗಿದ್ದುದು ಕಂಡುಬಂದಿತು. ಅದರ ಟೈರೊಸಿನ್ ಘಟಕಗಳಿಗೆ ನೈಟ್ರೋ ಗುಂಪು ಅಂಟಿಕೊಂಡಿತ್ತು. ಪೆಟ್ಟಿಗೆಯನ್ನಷ್ಟೇ ನಂಬಿದವನು ಅಲ್ಲಿ ಕೊರತೆಯೇ ಇಲ್ಲವೆಂದು ಬರೆದುಬಿಡುತ್ತಿದ್ದನು.

ಪ್ರತಿಕಾಯದಿಂದ ಅಳೆಯುವ ಉಪಾಯವನ್ನು ಬರ್ಸನರೊಡನೆ ರೂಪಿಸಿ 1977ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರೊಸಾಲಿನ್ ಯಾಲೊ ಅವರು ಭೌತವಿಜ್ಞಾನಿ ಎಂಬುದು ನನಗೆ ಹೆಮ್ಮೆ. ಅವರು ಅಳೆದುದು ಇನ್ಸುಲಿನ್ನನ್ನು. ಅಲ್ಲಿ ಕೇಳಿದ್ದ ಪ್ರಶ್ನೆಯೇ ‘ಎಷ್ಟಿದೆ’ ಎಂಬುದು. ಕಿಣ್ವದ ವಿಷಯದಲ್ಲಿ ‘ಎಷ್ಟು ಮಾಡುತ್ತಿದೆ’ ಎಂಬುದನ್ನೂ ಕೇಳಬೇಕಾಗುತ್ತದೆ. ಮೊದಲನೆಯದರ ಉತ್ತರ ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ. ಎರಡನೆಯದರ ಮಾನ ಕಟಲ್, ಅಂದರೆ ಸೆಕೆಂಡಿಗೆ ಒಂದು ಮೋಲ್. ಮಾನಗಳೇ ಬೇರೆಯಾದಾಗ ಒಂದನ್ನು ಇನ್ನೊಂದರ ಸ್ಥಾನದಲ್ಲಿಡಲು ಪ್ರಥಮ ವರ್ಷದ ವಿದ್ಯಾರ್ಥಿಗೂ ನಾವು ಬಿಡುವುದಿಲ್ಲ.

ಚಟುವಟಿಕೆಯ ಪರೀಕ್ಷೆ ಅಸಾಧ್ಯವೇನಲ್ಲ. ಸಯನೈಡನ್ನು ಬೆರೆಸಿದರೆ ತಾಮ್ರ ಮತ್ತು ಸತುವುಗಳುಳ್ಳ ಸೋದರ ಕಿಣ್ವ ಸ್ತಬ್ಧವಾಗುತ್ತದೆ. ಮ್ಯಾಂಗನೀಸಿನದು ದುಡಿಯುತ್ತಲೇ ಇರುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಯು ಒಂದೇ ದ್ರಾವಣವನ್ನು ಎರಡು ಪರೀಕ್ಷೆಗಳಿಗೂ ಒಡ್ಡಿ, ಎರಡು ಅಂಕಿಗಳನ್ನೂ ಅಕ್ಕಪಕ್ಕದಲ್ಲಿ ಬರೆಯಲಿ. ಅದಕ್ಕೆ ಇನ್ನೊಂದು ದಿನ ಹಿಡಿದರೆ ಹಿಡಿಯಲಿ.